ಇನ್ನೊಂಚೂರು ಎಡಕ್ಕೆ

ಗಾಳಿ, ಸೋಕು, ದೆವ್ವ ಎಂಬ ಮಾತು ಬಂದರೆ ನಾನು ನಕ್ಕು ಎದ್ದುಹೋಗುತ್ತಿದ್ದೆ. ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಈಗಲೂ ಅವನ್ನು ನಂಬುವುದಿಲ್ಲ. ಆದರೆ ಪಾವಗಡದ ಕಡೆಯ ಒಂದು ಶಾಲೆಯ ಮಾಳಿಗೆಯ ಮೇಲೆ ನನಗಾದದ್ದನ್ನು ಏನೆಂದು ಕರೆಯಬೇಕೋ ತಿಳಿದಿಲ್ಲ.

ಅದು ಏಕೋಪಾಧ್ಯಾಯ ಶಾಲೆ. ಹನ್ನೊಂದು ಮಕ್ಕಳು, ನಾನು, ಬಿಸಿಯೂಟ ಮಾಡುವ ನರಸಮ್ಮ, ಅಷ್ಟೇ. ಕಾಂಪೌಂಡಿನಾಚೆ ಕಣ್ಣು ಹಾಯುವಷ್ಟು ದೂರವೂ ಸೋಲಾರ್ ಫಲಕಗಳು. ಜಮೀನು ಗುತ್ತಿಗೆಗೆ ಹೋದ ಮೇಲೆ ಆ ಕಡೆ ದನ ಮೇಯಿಸುವವರೂ ಸುಳಿಯುತ್ತಿರಲಿಲ್ಲ. ನನ್ನ ವಾಸ ಶಾಲೆಯ ಹಿಂದಿನ ಒಂಟಿ ಕೋಣೆಯಲ್ಲಿ. ಸಂಜೆ ಮಕ್ಕಳು ಮನೆಗೆ ಹೋದರೆ ಮರುದಿನ ಬೆಳಗಿನವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ದವು.

ಆ ವರ್ಷ ಶಾಲೆಗೆ ವೈಫೈ ಬಂತು. ಮಾಳಿಗೆಯ ಮೇಲಿನ ಕಂಬಕ್ಕೆ ಬಿಳಿಯ ತಟ್ಟೆಯಂಥ ಆಂಟೆನಾ, ಕೆಳಗೆ ಆಫೀಸ್ ಕೋಣೆಯಲ್ಲಿ ದೀಪಗಳಿರುವ ಪುಟ್ಟ ಡಬ್ಬಿ. ದೂರದ ಊರಿನ ಶಿಕ್ಷಕಿಯೊಬ್ಬರು ಪರದೆಯ ಮೇಲೆ ಇಂಗ್ಲಿಷ್ ಕಲಿಸತೊಡಗಿದರು. ಆದರೆ ಗಾಳಿ ಬೀಸಿದರೆ ತಟ್ಟೆ ತಿರುಗುತ್ತಿತ್ತು, ಪಾಠ ನಡುವೆಯೇ ನಿಲ್ಲುತ್ತಿತ್ತು. ಒಂದು ಶನಿವಾರ ನಾಲ್ಕು ಮಕ್ಕಳ ಮನೆಯವರ ಪರವಾಗಿ ಅವರಲ್ಲೊಬ್ಬರಾದ ನರಸಿಂಹಪ್ಪ ಬಂದರು.

“ಬೇಜಾರು ಮಾಡ್ಕಬ್ಯಾಡಿ ಮೇಡಂ. ಇದು ಹಿಂಗೇ ಆದ್ರೆ ಟೀಸಿ ಕೊಟ್ಬುಡಿ. ವ್ಯಾನ್ ಕಳ್ಸೋ ಪ್ರೈವೇಟ್ ಸ್ಕೂಲಿಗೆ ಹಾಕ್ತೀವಿ.”

ನಾಲ್ವರು ಹೋದರೆ ಆ ಶಾಲೆ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ವಾರ ಬಿಟ್ಟು ಬರುತ್ತೇನೆಂದ. “ಅರ್ಜೆಂಟಾದ್ರೆ ನೀವೇ ತಿರುಗಿಸಿ ಮೇಡಂ. ಕೆಳಗೊಬ್ರು ಡಬ್ಬಿ ನೋಡ್ತಿರಲಿ. ಮೂರೂ ದೀಪ ಹಸಿರಾದ್ರೆ ನಟ್ಟು ಬಿಗಿ ಮಾಡಿ.”

ಮರುದಿನ ಭಾನುವಾರ ಮೂರು ಗಂಟೆಗೆ ಬರುತ್ತೇನೆಂದು ನರಸಮ್ಮ ಒಪ್ಪಿದ್ದಳು. ಕೋತಿಗಳು ನುಗ್ಗುತ್ತವೆಂದು ಆಫೀಸ್ ಕೋಣೆಗೆ ಬೀಗ ಹಾಕಿ, ಅವಳಿಗೆ ಸಿಗಲೆಂದು ಕೀಲಿಯನ್ನು ಕಿಟಕಿಯ ಅಂಚಿನಲ್ಲಿಟ್ಟು ಏಣಿ ಹತ್ತಿದೆ. ಸ್ವಲ್ಪ ಹೊತ್ತಿಗೆ ಕೆಳಗೆ ಸದ್ದಾಯಿತು.

“ಬಂದ್ಯಾ?” ಎಂದೆ.

“ಊಂ. ತಿರುಗ್ಸು.”

ತಿರುಗಿಸಿದೆ. “ಇನ್ನೊಂಚೂರು ಎಡಕ್ಕೆ,” ಎಂದಿತು ದನಿ. ಆಮೇಲೆ, “ಜಾಸ್ತಿ ಆಯ್ತು, ಹಿಂದಕ್ಕೆ ಬಾ.” ಹೀಗೇ ಹತ್ತು ನಿಮಿಷ. ಕೊನೆಗೆ, “ಸಾಕು, ಬಿಗಿ ಮಾಡು,” ಎಂದು ನನ್ನ ಹೆಸರು ಹಿಡಿದು ಕರೆಯಿತು. ನಟ್ಟು ಬಿಗಿಯುತ್ತ ನಾನು ಅದಕ್ಕೆ ಓಗೊಟ್ಟೆ.

ಇಳಿದು ನೋಡಿದರೆ ಬೀಗ ಹಾಕಿದಂತೆಯೇ ಇತ್ತು. ಕೀಲಿ ಕಿಟಕಿಯ ಅಂಚಿನಲ್ಲೇ ಇತ್ತು. ನರಸಮ್ಮನನ್ನು ಕೂಗಿದೆ, ಅಡುಗೆಮನೆಯ ಹಿಂದೆಲ್ಲ ಹುಡುಕಿದೆ. ಬೀಗ ತೆಗೆದೆ. ಒಳಗೆ ಯಾರೂ ಇಲ್ಲ. ಡಬ್ಬಿಯ ಮೇಲೆ ಮೂರೂ ದೀಪ ಹಸಿರಾಗಿದ್ದವು.

ನರಸಮ್ಮನಿಗೆ ಫೋನ್ ಮಾಡಿದೆ.

“ಮಗಳಿಗೆ ಉಸಾರಿಲ್ಲ ಅಂತ ಮೊದಲ್ನೇ ಬಸ್ಸಿಗೇ ನಾಗಲಮಡಿಕೆಗೆ ಬಂದ್ಬುಟ್ಟೆ ಮೇಡಂ. ನಿಮ್ಗೆ ಹೇಳಾಕೇ ಆಗ್ಲಿಲ್ಲ,” ಎಂದಳು.

ಡಬ್ಬಿ ಇದ್ದದ್ದು ಗೋಡೆಯ ಬೀರುವಿನೊಳಗೆ, ಹೊರಗಿನಿಂದ ಅದರ ದೀಪ ಕಾಣುವುದಿಲ್ಲ. ದಾರಿಹೋಕರು ಯಾರಾದರೂ ತಮಾಷೆಗೆ ಕೂಗಿದ್ದಾರೆಂದುಕೊಂಡರೂ ಅಷ್ಟು ಸರಿಯಾಗಿ ಹೇಳಲು ಹೇಗೆ ಸಾಧ್ಯ? ಒಬ್ಬಳೇ ಇದ್ದು ಇದ್ದು ನನ್ನ ಮನಸ್ಸೇ ಮಾತಾಡಿತೇ? ನನ್ನ ಮನಸ್ಸಿಗೂ ದೀಪ ಕಾಣುತ್ತಿರಲಿಲ್ಲ. ಇನ್ನೊಂದು ಮಾತು. ಆ ಊರಿನಲ್ಲಿ ಎಲ್ಲರಿಗೂ ನಾನು ಮೇಡಂ. ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ದನಿ ಗಂಡಸಿನದೋ ಹೆಂಗಸಿನದೋ ಎಂದು ಈಗ ಎಷ್ಟು ನೆನೆದರೂ ಹೊಳೆಯುವುದಿಲ್ಲ. ಅದನ್ನು ಕೇಳುತ್ತಿದ್ದಾಗ ಹೆದರಿಕೆಯಾಗಿರಲಿಲ್ಲ, ಹಾಯೆನಿಸಿತ್ತು ಎಂಬುದಷ್ಟೇ ನೆನಪು.

ಆಮೇಲೆ ಪಾಠ ನಿಲ್ಲಲಿಲ್ಲ. ಮಕ್ಕಳೂ ಉಳಿದರು. ವಾರ ಕಳೆದು ಬಂದ ಟೆಕ್ನಿಷಿಯನ್ ಮಾಳಿಗೆ ಹತ್ತಿ ನೋಡಿ ಇಳಿದ.

“ನಾನೇ ಕೂರಿಸಿದ್ರೂ ಇಷ್ಟು ಕರೆಕ್ಟಾಗಿ ಬರ್ತಿರ್ಲಿಲ್ಲ ಮೇಡಂ. ಕೆಳಗೆ ಯಾರಿದ್ರು?”

“ನಮ್ಮೋರೇ ಒಬ್ರು,” ಎಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.