ವಾಚನಾಲಯದ ಚಾವಣಿ

ನಗರಸಭೆಯ ಕಟ್ಟಡ ವಿಭಾಗದಲ್ಲಿ ಅವನನ್ನು ಎಲ್ಲರೂ ಸುತ್ತಿಗೆಯಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಊರಿನ ಹಳೆ ಕಟ್ಟಡಗಳ ಗೋಡೆ, ಚಾವಣಿ ಬಡಿದು, ಬರೀ ಸದ್ದಿನ ಮೇಲೆ ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಹೇಳಿಬಿಡುತ್ತಿದ್ದ. ಅವನು ಹೇಳಿದ್ದನ್ನು ಯಾರೂ ಬರೆದಿಟ್ಟಿರಲಿಲ್ಲ.

ಆ ವರ್ಷ ಅವನ ಒಡಹುಟ್ಟಿದ ತಂಗಿಯೇ ಅದೇ ಕಚೇರಿಗೆ ಎಂಜಿನಿಯರ್ ಆಗಿ, ಅವನ ಮೇಲಧಿಕಾರಿಯಾಗಿ ಬಂದಳು. ಮೂರೇ ತಿಂಗಳಲ್ಲಿ ನಲವತ್ತೊಂದು ಕಟ್ಟಡ ಸುತ್ತಿ, ಫೋಟೋ ತೆಗೆದು, ಒಂದೊಂದಕ್ಕೂ ಐದರಲ್ಲಿ ಇಷ್ಟು ಅಂತ ಅಂಕ ಕೊಟ್ಟಳು. ಯಾವುದಕ್ಕೆ ಈ ವರ್ಷವೇ ರಿಪೇರಿ, ಯಾವುದು ಮುಂದಕ್ಕೆ ಅಂತ ಪಟ್ಟಿಯೂ ಸಿದ್ಧವಾಯಿತು. ಜವಾನನಿಂದ ಕಮಿಷನರ್‌ವರೆಗೆ ಎಲ್ಲರ ಬಾಯಲ್ಲೂ ಅವಳದೇ ಮಾತು. ಆ ಮಾತು ಶುರುವಾದರೆ ಇವನು ಎದ್ದು ಹೋಗಿಬಿಡುತ್ತಿದ್ದ.

"ನಿಮ್ಮ ತಂಗಿ ತಾನೇ, ಖುಷಿಪಡಬಾರದಾ?" ಅಂದಳು ಹೆಂಡತಿ.

"ಪಟ್ಟಿದ್ದೀನಲ್ಲ," ಅಂದು ಮುಖ ತಿರುಗಿಸಿದ.

ಪಟ್ಟಿಯಲ್ಲಿ ತಪ್ಪು ಹುಡುಕಲು ಒಬ್ಬನೇ ಕಟ್ಟಡದಿಂದ ಕಟ್ಟಡಕ್ಕೆ ಅಲೆದ. ಹನ್ನೊಂದನೇ ದಿನ ಸಿಕ್ಕೇಬಿಟ್ಟಿತು. ವಾಚನಾಲಯಕ್ಕೆ ಹೊಸ ಬಣ್ಣ ಬಳಿದಿದ್ದರು; ಗಟ್ಟಿಯಾಗಿದೆ ಅಂತ ತಂಗಿ ನಾಲ್ಕು ಅಂಕ ಕೊಟ್ಟಿದ್ದಳು. ಏಣಿ ಹತ್ತಿ ಚಾವಣಿ ಬಡಿದರೆ ಖಾಲಿ ಡಬ್ಬದ ಸದ್ದು! ಕೆಳಗೆ ಏಳೆಂಟು ಜನ ಪೇಪರ್ ಓದುತ್ತ ಕೂತಿದ್ದರು. ಅವನಿಗೆ ಭಯವಾಗಬೇಕಿತ್ತು, ಖುಷಿಯಾಯಿತು. ತುಟಿ ಬಿಚ್ಚದೆ, ಕಮಿಷನರ್ ಮುಂದೆ ಪಟ್ಟಿ ಇಡುವ ಸಭೆಯ ದಿನಕ್ಕಾಗಿ ಕಾದ.

ಸಭೆಯಲ್ಲಿ ಕಮಿಷನರ್, "ಇಂಥ ಕೆಲಸ ಈ ಕಚೇರಿಯಲ್ಲಿ ಹಿಂದೆ ಯಾರೂ ಮಾಡಿಲ್ಲ," ಅಂದದ್ದೇ ತಡ, ಇವನು ಎದ್ದು ನಿಂತ.

"ವಾಚನಾಲಯದ ಚಾವಣಿ ಟೊಳ್ಳು, ಸಾರ್. ಮೇಡಂ ಬಣ್ಣ ನೋಡಿ ಅಂಕ ಹಾಕಿದ್ದಾರೆ."

ತಂಗಿ ಅವನತ್ತ ತಿರುಗಿದಳು. "ಯಾವಾಗ ನೋಡಿದೆ, ಅಣ್ಣ?"

"ಹೋದ ಸೋಮವಾರ."

"ಅಂದರೆ ಎಂಟು ದಿನದಿಂದ ಜನ ಅದರ ಕೆಳಗೇ ಕೂತಿದ್ದಾರಾ?"

ಅವಳು ಉತ್ತರಕ್ಕೂ ಕಾಯದೆ ಎದ್ದು ಹೋಗಿ ವಾಚನಾಲಯಕ್ಕೆ ಬೀಗ ಹಾಕಿಸಿದಳು. ಮಧ್ಯಾಹ್ನ ಕೆಲಸದವರು ಗಾರೆ ಕೆದಕಿದಾಗ ಚಕ್ಕೆಚಕ್ಕೆಯಾಗಿ ಕಳಚಿ ಬಿತ್ತು. ಒಳಗಿನ ಕಬ್ಬಿಣವೆಲ್ಲ ತುಕ್ಕು.

ಕಡತದಲ್ಲಿ ಅವಳು, ತಪ್ಪು ತನ್ನದು, ಪತ್ತೆ ಹಚ್ಚಿದ್ದು ಅಣ್ಣ ಅಂತ ಬರೆದಳು. ಎಂಟು ದಿನದ ವಿಷಯ ಅದರಲ್ಲಿ ಎಲ್ಲೂ ಎತ್ತಲಿಲ್ಲ.

"ಉಳಿದ ನಲವತ್ತನ್ನೂ ಬಡಿದು ಹೇಳು, ಅಣ್ಣ. ನನಗೆ ಆ ಕಿವಿ ಇಲ್ಲ," ಅಂದಳು.

ಅವನು ಒಪ್ಪಿಕೊಂಡ. ಇವನು ಬಡಿಯುವುದು, ಅವಳು ಬರೆದುಕೊಳ್ಳುವುದು. ಹೀಗೆ ಎರಡು ತಿಂಗಳು ನಡೆಯಿತು. ಇನ್ನೂ ಮೂರು ಕಟ್ಟಡ ಈ ವರ್ಷದ ರಿಪೇರಿಗೆ ಸೇರಿದವು. ಆದರೆ ಕಚೇರಿಯಲ್ಲಿ ಜನ, "ಮೇಡಂ ಎಷ್ಟು ದೊಡ್ಡ ಮನಸ್ಸಿನಿಂದ ತಪ್ಪು ಒಪ್ಪಿಕೊಂಡರು!" ಅಂತ ಅದಕ್ಕೂ ಅವಳನ್ನೇ ಹೊಗಳಿದರು. ಅವಳು ಅಷ್ಟು ಒಳ್ಳೆಯವಳಾಗಿರದಿದ್ದರೆ ಜಗಳವಾದರೂ ಆಡಬಹುದಿತ್ತು ಅಂತ ಅವನು ಒಳಗೊಳಗೇ ಕುದಿದ.