ಬಲಕ್ಕೆ ಬಿದ್ದ ಹೂ

ನನ್ನ ಮಗಳು ನಾಗವೇಣಿ ಸಮುದ್ರದ ನಡುವಿನ ಊರಿಗೆ ಹೋಗುತ್ತಿದ್ದಾಳೆ. ವಿಮಾನದ ಟಿಕೇಟು ಬಂದಿದೆ. ಕಳಿಸಿದವಳು ಅವಳ ಮಗಳು, ನನ್ನ ಮೊಮ್ಮಗಳು ಅನುಷಾ. ಬಾರ್ಬಡೋಸ್ ಅನ್ನುವ ದ್ವೀಪದಲ್ಲಿ ಹನ್ನೆರಡು ದಿನ. ಅನುಷಾ ಅಡುಗೆ ಕೆಲಸ ಮಾಡುವ ಹೋಟೆಲಿನಲ್ಲೇ, ಬಂದ ಗಿರಾಕಿಗಳ ಹಾಗೆ ರೂಮಿನಲ್ಲಿ ಉಳಿದು, ಕಾಲ ಮೇಲೆ ಕಾಲು ಹಾಕಿಕೊಂಡು. ರಿಪ್ಪನ್‌ಪೇಟೆಯಲ್ಲಿ ನಾನು ಈ ಸುದ್ದಿ ಹೇಳದ ಮನೆ ಉಳಿದಿಲ್ಲ. ಹಾಲು ಹಾಕುವವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಆನಂದಪುರದ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಎದೆ ತುಂಬಿ ತುಳುಕುತ್ತಿದ್ದರೆ ಏನು ಮಾಡಬೇಕು?

ಇದೇ ಮಗಳಿಂದ ಇಪ್ಪತ್ತಾರು ವರ್ಷದ ಹಿಂದೆ ನೀರನ್ನು ಕಿತ್ತುಕೊಂಡವಳು ನಾನು. ದೇವಿಯ ಹೆಸರು ಹೇಳಿ, ಸುಳ್ಳು ಹೇಳಿ ಕಿತ್ತುಕೊಂಡೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟ ಇರುತ್ತದೆ. ಆದರೆ ಇದನ್ನು ಬೇರೆಯವರ ಕೈಯಲ್ಲಿ ಬರೆಸುವ ಹಾಗಿಲ್ಲ. ಮಾಡಿದವಳೇ ಬರೆಯಬೇಕು.

ಅನುಷಾ ಫೋನಿಗೆ ಒಂದು ಪಟ್ಟಿ ಕಳಿಸಿದ್ದಳು. ಅವರ ಹೋಟೆಲಿನಲ್ಲಿ ಬಂದವರ ಕೈಗೆ, ರಜೆಯಲ್ಲಿ ಇಲ್ಲಿ ಏನೇನು ಮಾಡಬಹುದು ಅಂತ ಒಂದು ಹಾಳೆ ಕೊಡುತ್ತಾರಂತೆ. ಅದನ್ನು ಅಮ್ಮನಿಗೋಸ್ಕರ ಕನ್ನಡದಲ್ಲಿ ಬರೆದಿದ್ದಳು. ಅಳಿಯ ಮಂಜಪ್ಪ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಂದ. ಬೆರಳಿಟ್ಟುಕೊಂಡು ಓದಿದೆ. ಬಿಸಿಲೇರುವ ಮೊದಲು ಕಡಲಾಮೆಗಳ ಜೊತೆ ಈಜುವುದು. ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಕೊಳವೆ ಇಟ್ಟುಕೊಂಡು, ಮುಳುಗಿದ ಹಳೇ ಹಡಗಿನ ಮೇಲೆ ತೇಲುತ್ತಾ ಮೀನು ನೋಡುವುದು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರುವುದು. ಶುಕ್ರವಾರ ಸಂಜೆ ಮೀನುಗಾರರ ಕೇರಿಯಲ್ಲಿ ಕೆಂಡದ ಮೇಲೆ ಸುಟ್ಟ ಮೀನು ತಿಂದು ಕುಣಿಯುವುದು. ದೀವಿಹಲಸನ್ನು ಇಡಿಯಾಗಿ ಬೆಂಕಿಗೆ ಹಾಕಿ ಸುಟ್ಟು ತಿನ್ನುವುದು — ನಾವು ಹುಳಿ ಮಾಡುವ ಅದೇ ದೀವಿಹಲಸು ಅಲ್ಲಿಯೂ ಬೆಳೆಯುತ್ತದಂತೆ. ಕ್ರಿಕೆಟ್ ಮೈದಾನದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಇದು ಅಜ್ಜನಿಗೋಸ್ಕರ ಅಂತ ಬರೆದಿದ್ದಳು. ನಮ್ಮವರು ಇದ್ದಾಗ ರೇಡಿಯೋಕ್ಕೆ ಕಿವಿ ಹಚ್ಚಿ ವೆಸ್ಟ್ ಇಂಡೀಸಿನ ಆಟ ಕೇಳುತ್ತಿದ್ದರು. ಅದೂ ಒಂದು ಊರು, ಅಲ್ಲಿಯೂ ಜನ ಬಟ್ಟೆ ಒಗೆಯುತ್ತಾರೆ, ಹುಳಿ ಕುದಿಸುತ್ತಾರೆ ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಪಟ್ಟಿಯ ಕೊನೆಗೆ, ತೆಂಗಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಸುಮ್ಮನೆ ಮಲಗುವುದು. ಸುಮ್ಮನೆ ಮಲಗುವುದನ್ನೂ ಬರೆದು ಕೊಡಬೇಕಾ ಅಂತ ನಾನೂ ಮಂಜಪ್ಪನೂ ನಕ್ಕೆವು.

ನಾಗು ನಗಲಿಲ್ಲ. ಅವಳು ಇಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ನಿನ್ನೆ ಭಾನುವಾರ, ಬೆಳಿಗ್ಗೆ ತಿಂಡಿಯಾದ ಮೇಲೆ ಪಟ್ಟಿ ಹಿಡಿದುಕೊಂಡು ಕೂತಳು, ಕೈಯಲ್ಲಿ ಪೆನ್ನು. ಆಮೆ ಹೊಡೆದು ಹಾಕಿದಳು. ಹಡಗು ಹೊಡೆದು ಹಾಕಿದಳು. ಗಾಜಿನ ದೋಣಿಯ ಮೇಲೂ ಗೀಟು. ದ್ವೀಪಕ್ಕೆ ಹೋಗುವವಳು ನೀರನ್ನೆಲ್ಲ ಹೊಡೆದು ಹಾಕಿದರೆ ಉಳಿಯುವುದು ಏನು? ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು:

"ನಂಗೆ ನೀರು ಆಗಿ ಬರಲ್ಲ ಅಂತ ಚೌಡಮ್ಮನೇ ಹೇಳಿದಾಳಲ್ಲಮ್ಮ. ನೀನೇ ಹೋಗಿ ಕೇಳ್ಕೊಂಡು ಬಂದದ್ದು. ಮರ್ತ್ಯಾ?"

ಮರೆತೆನಾ?

ಆಗ ನಾವು ಹೊಸನಗರದ ಆಚೆ, ಶರಾವತಿಯ ಹಿನ್ನೀರಿನ ಅಂಚಿನಲ್ಲಿದ್ದೆವು. ನಾಗು ನಡೆಯುವುದಕ್ಕೂ ಈಜುವುದಕ್ಕೂ ಹೆಚ್ಚು ಕಡಿಮೆ ಒಟ್ಟಿಗೇ ಕಲಿತವಳು. ಹದಿನೇಳರ ಹೊತ್ತಿಗೆ ಈ ದಂಡೆಯಿಂದ ಆ ದಂಡೆಗೆ ಈಜಿ ಹೋಗಿ, ಅಲ್ಲಿನ ಅಂಗಡಿಯಲ್ಲಿ ಬೆಲ್ಲದ ಮಿಠಾಯಿ ತಿಂದು, ಮತ್ತೆ ಈಜಿ ಬರುತ್ತಿದ್ದಳು. ಒಂದು ಬೇಸಿಗೆ, ಈಜು ಕಲಿಸುವ ಮಾಸ್ತರೊಬ್ಬರು ನೆಂಟರ ಮನೆಗೆ ಬಂದವರು ದಂಡೆಯ ಮೇಲೆ ನಿಂತು ಇವಳನ್ನು ನೋಡಿದರು. ಸಂಜೆಗೆ ನಮ್ಮ ಜಗಲಿಯಲ್ಲಿದ್ದರು. ದೊಡ್ಡ ಊರಿನಲ್ಲಿ ಹಾಸ್ಟೆಲ್ಲು ಇದೆ, ಊಟ ವಸತಿ ಅವರದೇ, ಕಾಲೇಜಿಗೂ ಹೋಗಬಹುದು, ಹುಡುಗಿಯನ್ನು ನನಗೆ ಬಿಡಿ ಅಂದರು. ನಮ್ಮವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಆದರೂ ಒಂದು ಮಾತು ಹೇಳಿದರು. ಊರ ದೇವಿ ಚೌಡಮ್ಮನನ್ನು ಕೇಳಿಬಿಡೋಣ, ಅವಳು ಕೊಟ್ಟರೆ ಸೋಮವಾರವೇ ಕಳಿಸುವುದು.

ನಮ್ಮಲ್ಲಿ ಹಾಗೆ. ಏನೇ ದೊಡ್ಡ ಕೆಲಸವಾದರೂ ಹೂ ಪ್ರಸಾದ ಕೇಳುತ್ತೇವೆ. ಪೂಜಾರಿ ದೇವಿಯ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂ ಅಂಟಿಸುತ್ತಾನೆ. ಕೇಳುವುದನ್ನು ಬಾಯಿಬಿಟ್ಟು ಕೇಳುವಂತಿಲ್ಲ, ಮನಸ್ಸಿನಲ್ಲೇ ಕೇಳಿಕೊಂಡು ಕೂರಬೇಕು. ಬಲದ ಹೂ ಬಿದ್ದರೆ ಆಗಲಿ ಅಂತ. ಎಡದ್ದು ಬಿದ್ದರೆ ಬೇಡ ಅಂತ. ಅದರ ಮೇಲೆ ಮಾತಿಲ್ಲ.

ನಮ್ಮವರಿಗೆ ಆ ದಿನ ಗದ್ದೆಯಲ್ಲಿ ಆಳುಗಳಿದ್ದರು. ನಾನೊಬ್ಬಳೇ ಹೋದೆ. ಹೂ ಬಿತ್ತು. ಕೂತು ಎರಡು ಉಸಿರು ಬಿಡುವುದರೊಳಗೆ, ತಾಯಿಗೂ ಅವಸರ ಇತ್ತೋ ಏನೋ ಅನ್ನುವ ಹಾಗೆ, ಬಲದ್ದು ಬಿತ್ತು. ನಾನು ಏನು ಕೇಳಿಕೊಂಡೆ ಅಂತ ಪೂಜಾರಿಗೆ ಗೊತ್ತಿಲ್ಲ. "ಬಲಕ್ಕೆ ಕೊಟ್ಳು ಕಣಮ್ಮ, ಧೈರ್ಯವಾಗಿ ಹೋಗು" ಅಂತ ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟ. ಕೆಂಪು ದಾಸವಾಳ. ಮನೆಗೆ ತಂದು ಮಗಳ ಮುಡಿಗೆ ಇಡಬೇಕಿತ್ತು. ದಾರಿಯ ಹಳ್ಳಕ್ಕೆ ಎಸೆದೆ.

ಜಗಲಿಯ ಮೇಲೆ ಅಪ್ಪ, ಮಗಳು ಇಬ್ಬರೂ ಕಾಯುತ್ತಿದ್ದರು. ಅವಳ ಬಟ್ಟೆಯ ಚೀಲ ಆಗಲೇ ಕಟ್ಟಿಟ್ಟಿತ್ತು. ನಾನು ಎರಡೇ ಮಾತು ಹೇಳಿದೆ. "ಎಡಕ್ಕೆ ಬಿತ್ತು."

ನಮ್ಮವರು ಗದ್ದೆಗೆ ಎದ್ದು ಹೋದರು. ನಾಗು ಒಳಗೆ ಹೋಗಿ ಚೀಲ ಬಿಚ್ಚಿದಳು. ಅವತ್ತು ಬಿಟ್ಟ ನೀರನ್ನು ಅವಳು ಮತ್ತೆ ಮುಟ್ಟಲಿಲ್ಲ. ಮಾರನೇ ವರ್ಷ ಮದುವೆ. ಹಿನ್ನೀರು ದಾಟುವ ಲಾಂಚಿನಲ್ಲೂ ನಡುವಿನ ಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಆ ದಂಡೆಯಿಂದ ಈ ದಂಡೆಗೆ ಈಜುತ್ತಿದ್ದವಳು.

ಯಾಕೆ ಹಾಗೆ ಹೇಳಿದೆ? ಎಷ್ಟೋ ವರ್ಷ ಅದನ್ನು ನಾದಿನಿ ಸೀತಮ್ಮನ ತಲೆಗೆ ಕಟ್ಟಿದೆ. ಮಾಸ್ತರು ಬಂದು ಹೋದ ವಾರವೇ ಕೋಣಂದೂರಿನ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ನಾಲ್ಕು ಜನ ಕೇಳುವ ಹಾಗೆ ಅವಳು ಅಂದಿದ್ದಳು, "ಒದ್ದೆ ಬಟ್ಟೇಲಿ ಗಂಡಸ್ರ ಮುಂದೆ ನಿಲ್ಸೋಕೆ ಮಗಳನ್ನ ಹಡೆದ್ಯೇನೆ?" ಆ ಮಾತಿನ ಉರಿ ಇವತ್ತೂ ಇದೆ. ಆದರೆ ಸೀತಮ್ಮ ನನ್ನ ಕೈ ಹಿಡಿದು ಹೂ ಎಸೆಸಿದಳಾ? ಇಲ್ಲ. ನಿಜ ಬೇರೆಯೇ ಇದೆ, ಬರೆಯಲು ನಾಚಿಕೆಯಾಗುತ್ತದೆ. ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿ, ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಕೂರಿಸಿದ್ದರು. ನಾನು ಅತ್ತು ಕರೆದೆ, ಯಾರೂ ಕೇಳಲಿಲ್ಲ. ಇವಳನ್ನು ಮಾತ್ರ ಕೇಳಿಕೊಂಡು ಮನೆ ಬಾಗಿಲಿಗೆ ಬಂದಿದ್ದರು. ಇವಳಿಗಾಗಿ ದೇವಿಯೂ ಅವಸರದಲ್ಲಿದ್ದಳು. ನನ್ನನ್ನು ಯಾರು — ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ. ಇದಕ್ಕಿಂತ ಒಳ್ಳೆಯ ಹೆಸರು ಅದಕ್ಕೆ ಇಲ್ಲ, ಹುಡುಕುವುದೂ ಇಲ್ಲ.

ನಿನ್ನೆ ಅವಳು "ಮರ್ತ್ಯಾ" ಅಂತ ಕೇಳಿದಾಗ ನನಗೆ ಬಂದದ್ದು ಸಿಟ್ಟು. ಅಳು ಬಂದಿದ್ದರೆ ಮರ್ಯಾದೆ ಇರುತ್ತಿತ್ತು. ಅವಳ ಮೇಲೆ ಸಿಟ್ಟು — ಇಷ್ಟು ವರ್ಷ ಯಾಕೆ ನಂಬಿಕೊಂಡು ಕೂತೆ, ಒಂದು ಸಲ ನೀನೇ ಹೋಗಿ ಕೇಳಬಾರದಿತ್ತಾ ಅಂತ. ನೋಡಿ ನನ್ನ ಸೊಕ್ಕು. ಆ ಪೆನ್ನು ಕಿತ್ತು ಬೀಸಾಡಿದೆ. ಅದು ನೀರಿನ ಹಂಡೆಗೆ ಬಡಿದು ಬಿತ್ತು. ಕಿರುಚಿದೆ, "ಆ ಹೂ ಬಲಕ್ಕೇ ಬಿದ್ದಿತ್ತು. ನಾನು ಸುಳ್ಳು ಹೇಳ್ದೆ."

ಅವಳು ಪಟ್ಟಿ ಕೆಳಗಿಟ್ಟಳು. ಆಮೇಲೆ ಕೇಳಿದ್ದು ಒಂದೇ, ಅಪ್ಪನಿಗೆ ಗೊತ್ತಿತ್ತಾ ಅಂತ. ಇಲ್ಲ ಅಂದೆ. ಅವರಿಗೆ ಗೊತ್ತಾಗದೇ ಹೋಯಿತು. ಅವರು ತೀರಿಹೋಗಿ ಆರು ವರ್ಷವಾಯಿತು.

ಆಗ ಅವಳಿಗೆ ಸಿಟ್ಟು ಬಂತು. ನನ್ನ ಹಾಗೆ ಕಿರುಚುವ ಸಿಟ್ಟಲ್ಲ.

"ನೀನು ಕಳ್ಸಲ್ಲ ಅಂದಿದ್ರೆ ನಾನು ಜಗಳ ಆಡ್ತಿದ್ದೆ. ಊಟ ಬಿಡ್ತಿದ್ದೆ, ಓಡಿಯಾದ್ರೂ ಹೋಗ್ತಿದ್ದೆ. ದೇವ್ರ ಹತ್ರ ಎಂತ ಜಗಳ ಆಡೋದು? ಅದಕ್ಕೂ ಬಿಡ್ಲಿಲ್ಲ ನೀನು." ಮತ್ತೆ ಹೇಳಿದಳು, "ಆ ತಾಯಿ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಕೊಂಡಿದ್ದೆ ನಾನು. ಪಾಪ, ಅವಳು ಕೊಟ್ಟಿದ್ಲು."

ಹೌದು, ಹಬ್ಬದಲ್ಲಿ ಊರಿಗೆ ಹೋದಾಗಲೆಲ್ಲ ಇವಳು ಗುಡಿಯ ಮೆಟ್ಟಿಲಲ್ಲೇ ಚಪ್ಪಲಿ ಕಾಯುತ್ತಾ ಕೂರುತ್ತಿದ್ದಳು. ಕಾಲು ನೋವು ಅನ್ನುತ್ತಿದ್ದಳು. ನಾನು ಒಳಗೆ ಹೋಗಿ ಕೈ ಮುಗಿಯುತ್ತಿದ್ದೆ. ಯಾವ ಮುಖ ಇಟ್ಟುಕೊಂಡು ಮುಗಿಯುತ್ತಿದ್ದೆನೋ — ತೀರ್ಥವನ್ನೂ ಕುಡಿಯುತ್ತಿದ್ದೆ.

ನಾಗು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮಧ್ಯಾಹ್ನವೆಲ್ಲ ಗಂಡನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೂತಿದ್ದಳಂತೆ. ನಾನು ಹಂಡೆಯ ಸಂದಿಯಲ್ಲಿದ್ದ ಪೆನ್ನು ಎತ್ತಿಟ್ಟೆ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಬಗ್ಗಿ, ನಿಮ್ಮಂಥ ತಾಯಿ ಇದ್ದದ್ದಕ್ಕೇ ಮಗಳು, ಮೊಮ್ಮಗಳು ಹೀಗೆ ಮೇಲೆ ಬಂದದ್ದು ಅಂದಳು. ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಅವಳು ಮಾಡಿದ ತಪ್ಪಾದರೂ ಏನು?

ಕೈ ಸುಮ್ಮನಿರಲಿಲ್ಲ. ದೀವಿಹಲಸು ಹೆಚ್ಚಿ ಹುಳಿ ಮಾಡಿದೆ, ಮೀನು ಹುರಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು. ದಿನಾ "ಎಂತ ಅತ್ತೆ, ವಿಮಾನಕ್ಕೆ ನಿಮ್ಮನ್ನೂ ಡಿಕ್ಕಿಲಿ ಹಾಕಿ ಕಳ್ಸೋದಾ" ಅಂತ ಛೇಡಿಸುವ ಮಂಜಪ್ಪ ಮಾತಿಲ್ಲದೆ ಕೈಕಾಲು ತೊಳೆದ. ಅವನಿಗೂ ಗೊತ್ತಾಗಿದೆ ಅಂತ ನನಗೆ ಗೊತ್ತಾಯಿತು.

ನಾಲ್ಕು ತಟ್ಟೆ ಇಡುವುದು ನಮ್ಮ ಮನೆಯ ರೂಢಿ. ನಾಲ್ಕನೆಯ ತಟ್ಟೆಯ ಮೇಲೆ ಚೊಂಬಿಗೆ ಒರಗಿಸಿ ಫೋನು ಇಡುತ್ತೇವೆ. ಇಲ್ಲಿ ರಾತ್ರಿಯ ಊಟ, ಅಲ್ಲಿ ಅನುಷಾಗೆ ಬೆಳಗಿನ ಹೊತ್ತು. ಫೋನಿನಲ್ಲಿ ಬಿಳೀ ಟೋಪಿ ಹಾಕಿಕೊಂಡು ಅವಳೂ ಏನೋ ತಿನ್ನುತ್ತಿದ್ದಳು. ನಾಗು ಅನ್ನ ಬಡಿಸಿದಳು. ನನ್ನ ತಟ್ಟೆಗೂ ಬಡಿಸಿದಳು, ಎಂದಿನಷ್ಟೇ. ಮುಖ ನೋಡಲಿಲ್ಲ. ಕ್ಷಮಿಸು ಅಂತ ನಾನು ಕೇಳಿಲ್ಲ, ಕೇಳುವುದಿಲ್ಲ. ಕೇಳಿದರೆ ಅವಳಿಗೆ ಇನ್ನೊಂದು ಕೆಲಸ ಹಚ್ಚಿದ ಹಾಗೆ. ನಾಡಿದ್ದು ಊರಿಗೆ ಹೋಗಿ, ಗುಡಿಯಲ್ಲಿ ನಿಂತು, ಇರುವವರೆಲ್ಲರ ಎದುರು ಈ ಮಾತು ಬಾಯಿಬಿಟ್ಟು ಹೇಳಿ ಬರುತ್ತೇನೆ.

ಅನುಷಾಗೆ ಇದೊಂದೂ ಗೊತ್ತಿಲ್ಲ. ಕೆಲಸ ಮುಗಿಸಿ ಅಂಗಡಿಗೆ ಹೋಗುತ್ತೇನೆ, ಅಮ್ಮ, ನೀನು ಹೇಗೂ ನೀರಿಗೆ ಇಳಿಯಲ್ಲ, ಆದರೂ ಈಜುವ ಬಟ್ಟೆ ಒಂದು ತಂದಿಡಲಾ ಅಂತ ಕೇಳಿದಳು. ಮಂಜಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ.

ನಾಗು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಇಟ್ಟಳು.

"ತಗೊ. ನಿಂಗಿಂತ ಒಂದು ಸೈಜ್ ದೊಡ್ಡದು ನೋಡು," ಅಂದಳು.

ಆಮೇಲೆ ಹುಳಿಯ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದಳು. ನಾನೇ ಬಡಿಸಿಕೊಂಡೆ. ಎಲ್ಲರೂ ಉಂಡೆವು.