ಕಾಕೂ ಕೇಳಿದ ಹೊಸ ಬ್ಲೇಡು

ಆ ಹೊತ್ತು ನಾನು ಒಲೆಯ ಮೇಲೆ ಅನ್ನಕ್ಕಿಟ್ಟು, ಮರುದಿನಕ್ಕೆಂದು ಮೊರದಲ್ಲಿ ರೇಶನ್ ಅಕ್ಕಿ ಹರವಿಕೊಂಡು ಹರಳು ಆರಿಸುತ್ತಿದ್ದೆ. ಯುದ್ಧಕಾಲದ ಅಕ್ಕಿ; ಮುಷ್ಟಿಗೆ ಎರಡು ಹರಳಾದರೂ ಇರುತ್ತಿದ್ದವು. ಒಂದು ಉದ್ದನೆಯ ಬಿಳಿ ಕಾಳು ಬೆರಳಿಗೆ ಅಂಟಿಕೊಂಡಿತು, ನನಗೆ ಕಾಕೂ ಅವರ ತಲೆ ನೆನಪಾಯಿತು. ಎಡಕಿವಿಯ ಮೇಲೆ ಎರಡು ಬೆರಳು ಬಿಟ್ಟು ಅವರಿಗೊಂದು ಗೆರೆ ಇತ್ತು. ಅಕ್ಕಿಕಾಳಿನಷ್ಟೇ ಉದ್ದ, ಅಷ್ಟೇ ಬಿಳಿ. ಕ್ಷೌರದ ಕತ್ತಿ ತಾಗಿದ ಗುರುತು. ಕೆಂಪು ಸೀರೆಯ ಸೆರಗು ಜಾರಿದರೆ ಮಾತ್ರ ಕಾಣುತ್ತಿತ್ತು, ಅವರು ಸೆರಗು ಜಾರಗೊಡುವವರಲ್ಲ.

ಆಗಲೇ ನಾಲ್ಕಾರು ಬಿಡಾರಗಳ ನಮ್ಮ ವಾಡೆಯ ಬಾಗಿಲಲ್ಲಿ ಯಾರೋ ನಮ್ಮ ಯಜಮಾನರ ಹೆಸರು ಹಿಡಿದು ಕೇಳಿದ್ದು. ನಮ್ಮ ಭಾವನವರು ಬಾರಾಮತಿ ಕಡೆ ಒಂದು ಸಕ್ಕರೆ ಕಾರಖಾನೆಯಲ್ಲಿದ್ದರು. ಬಂದವರು ಅಲ್ಲಿಯ ಗುಮಾಸ್ತರು. ಕೈಯಲ್ಲಿ ಬಿಳಿ ಅರಿವೆಯ ಸಣ್ಣ ಗಂಟು. ಒಳಗೆ ಬರ್ರಿ ಅಂದರೆ ಬರಲಿಲ್ಲ.

"ನಿಮ್ಮ ಕಾಕೂ ಅವರು ಹೋದ್ರು, ತಂಗಿ," ಅಂದರು. "ನಿನ್ನೆ ಸಂಜಿಮುಂದ."

ಎರಡು ತಿಂಗಳ ಹಿಂದೆಯಷ್ಟೇ ನಮ್ಮ ಓರಗಿತ್ತಿಯ ಬಾಣಂತನಕ್ಕೆಂದು ಭಾವನವರು ಕಾಕೂ ಅವರನ್ನು ಇಲ್ಲಿಂದ ಕರೆದುಕೊಂಡು ಹೋಗಿದ್ದರು.

ಕಾಕೂ ಅಂದರೆ ನಮ್ಮ ಮಾವನವರ ತಮ್ಮನ ಹೆಂಡತಿ. ಹನ್ನೆರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಾವನವರ ಸಂಸಾರದೊಂದಿಗೆ ಧಾರವಾಡದಿಂದ ಪುಣೆಗೆ ಬಂದವರು. ಇಲ್ಲಿಯ ವಾಡಿಕೆಯಂತೆ ಇಡೀ ವಾಡೆಗೆ ಅವರು ಕಾಕೂ. ನಾನು ಸೊಸೆಯಾಗಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಹದಿನೈದು ದಿನಕ್ಕೊಮ್ಮೆ ಹಿತ್ತಲ ಗೋಡೆಗೆ ಮುಖ ಮಾಡಿ ಮಣೆಯ ಮೇಲೆ ಕೂತು ತಲೆ ಬೋಳಿಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ನಾವ್ಯಾರೂ ಹಿತ್ತಲಿಗೆ ಹೋಗುತ್ತಿರಲಿಲ್ಲ.

ಮೊದಲು ಬರುತ್ತಿದ್ದ ಮುದುಕ ಕ್ಷೌರಿಕ ಒಳ್ಳೆಯ ಮನುಷ್ಯ. "ಆಯೀ" ಎಂದು ಕರೆದು, ಕಣ್ಣು ಬೇರೆಡೆ ಹರಿಸದೆ, ದೇವರ ಕೆಲಸ ಮಾಡಿದ ಹಾಗೆ ಮಾಡಿ ಹೋಗುತ್ತಿದ್ದ. ಅವನಿಗೆ ಕಣ್ಣು ಮಂಜಾದ ಮೇಲೆ ಇನ್ನೊಬ್ಬ ಬರತೊಡಗಿದ. ಇವನಿಗೆ ಹತ್ತು ಮನೆ ಅವಸರ. ಕಿವಿ ಹಿಡಿದು ತಲೆ ತಿರುಗಿಸುತ್ತಿದ್ದ. ಒಂದು ದಿನ ಕತ್ತಿ ತಾಗಿ ರಕ್ತ ಬಂತು. ತಪ್ಪು ತನ್ನದಾದರೂ "ಹಲೂ ನಕೋಸ್" ಎಂದು ಗದರಿದ. ಅಲುಗಾಡಬೇಡ ಎಂದು, ಏಕವಚನದಲ್ಲಿ, ಮಗುವಿಗೆ ಹೇಳಿದ ಹಾಗೆ.

ಕಾಕೂ ಸ್ನಾನ ಮಾಡಿ ಒಳಗೆ ಬಂದು ಗಾಯಕ್ಕೆ ಅರಿಶಿನ ಒತ್ತಿಕೊಂಡು ಕೂತರು. ರಕ್ತ ನಿಂತ ಮೇಲೆ ಅಂದರು: "ಅಲುಗಾಡಬ್ಯಾಡ ಅಂತಾನ. ಮೂವತ್ತು ವರ್ಷ ಆತು ತಂಗಿ, ನಾ ಎಲ್ಲೆ ಅಲುಗಾಡೀನಿ?"

ಅದೇ ದಿನಗಳಲ್ಲಿ ನಮ್ಮ ಯಜಮಾನರು ಮಿಲಿಟರಿ ಕ್ಯಾಂಪಿನ ಕಚೇರಿಯಲ್ಲಿ ಕಾರಕೂನರಾಗಿದ್ದು, ದಿನಾ ಗಡ್ಡ ಮಾಡಿಕೊಂಡೇ ಹೋಗಬೇಕಾಗಿತ್ತು. ಎರಡೂ ಕಡೆ ಅಲಗಿನ ತೆಳ್ಳನೆ ಬ್ಲೇಡು ಹಾಕಿ ಹಿಡಿ ತಿರುಪುವ ಸೇಫ್ಟಿ ರೇಜರು ತಂದಿದ್ದರು. ಕಿಟಕಿಯ ಸರಳಿಗೆ ಕನ್ನಡಿ ಸಿಗಿಸಿ ಮಾಡಿಕೊಳ್ಳುವರು. ಮುಗಿಯುವಷ್ಟರಲ್ಲಿ ಗಲ್ಲದ ಮೇಲೆ ಮೂರು ಕಡೆ ಕಾಗದದ ಚೂರು ಅಂಟಿಸಿಕೊಂಡಿರುವರು. ಕಾಕೂ ಅಡಿಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತ ಎಲ್ಲ ನೋಡುತ್ತಿದ್ದರು.

"ನಿನ್ನ ಗಂಡನ ಕೈ ಭಾರ," ಎಂದು ನನಗೆ ಪಿಸುಗುಟ್ಟಿದರು. "ಚಪಾತಿ ಲಟ್ಟಿಸಿದಂಗ ಒತ್ತತಾನ. ಅದರ ಭಾರ ಅದಕ್ಕ ಸಾಕು. ಬರೇ ಹಿಡಕೊಂಡು ಹೋದ್ರ ಆತು."

"ನಿಮಗ ಹೆಂಗ ಗೊತ್ತು?" ಅಂದೆ.

"ಅವಗ ರಕ್ತ ಬಂದಾಗೆಲ್ಲ ಸಪ್ಪಳ ನಿಂತಿರ್ತದ. ಸಪ್ಪಳ ಇದ್ದಾಗ ರಕ್ತ ಬರೂದಿಲ್ಲ. ಕೇಳಿ ನೋಡು."

ಮರುದಿನ ಕೇಳಿ ನೋಡಿದೆ. ನಿಜ. ಓರೆ ಸರಿಯಾಗಿದ್ದರೆ ರೇಜರು ಸಣ್ಣಗೆ ಸರ್ ಸರ್ ಎನ್ನುತ್ತದೆ. ಓರೆ ತಪ್ಪಿದರೆ ಸುಮ್ಮನಾಗುತ್ತದೆ, ಸುಮ್ಮನಾದಾಗ ಇವರು ಒತ್ತುತ್ತಿದ್ದರು.

ಇವರು ಹೊಸ ರೇಜರು ತಂದಾಗ ಕಾಕೂ ಹಳೆಯದನ್ನು ನನ್ನಿಂದ ಕೇಳಿ ಇಸಿದುಕೊಂಡರು. ಅಂಗಡಿಯ ಸಾಬೂನು, ಹಂದಿಕೂದಲ ಬ್ರಶ್ಶು ಅವರ ಮಡಿಗೆ ನಡೆಯುವಂಥದ್ದಲ್ಲ. ಅಂಟವಾಳಕಾಯಿ ನೆನೆಸಿ ಕಿವುಚಿ ನೊರೆ ಎಬ್ಬಿಸಿದರು. ಬ್ರಶ್ಶಿಗೆ ಬದಲು ತೆಂಗಿನ ನಾರು ಬಿಡಿಸಿ ಬಡಿದು ಮೆತ್ತಗೆ ಮಾಡಿ ಜುಟ್ಟು ಕಟ್ಟಿದರು. ಹಂಡೆಯ ಬಿಸಿನೀರಲ್ಲಿ ಅರಿವೆ ಅದ್ದಿ ತಲೆಗೆ ಸುತ್ತಿಕೊಂಡು ಕೂತು, "ಬ್ಯಾಳಿ ನೆನದಂಗ ನೆನೀಬೇಕು, ಅವಸರ ಮಾಡಬಾರದು" ಎಂದರು. ನಂತರ ಎರಡು ಹನಿ ಎಳ್ಳೆಣ್ಣೆ, ಅದರ ಮೇಲೆ ನೊರೆ. ಕನ್ನಡಿ ಇಲ್ಲ. ಕನ್ನಡಿ ನೋಡುವುದನ್ನು ಅವರು ಹನ್ನೆರಡಕ್ಕೇ ಬಿಟ್ಟಿದ್ದರು. ಎಡಗೈ ಮುಂದೆ ಹೋಗಿ ಕೂದಲು ಯಾವ ಕಡೆ ಮಲಗಿದೆ ಎಂದು ತಿಳಿದುಕೊಂಡು ಚರ್ಮ ಬಿಗಿಹಿಡಿಯುವುದು, ಬಲಗೈ ಹಿಂದೆ ಬರುವುದು. ಒಂದು ಸಲ ಎಳೆದರೆ ಒಂದು ನಾಮ. ಕೇಶವ, ನಾರಾಯಣ, ಮಾಧವ. ಇಪ್ಪತ್ತನಾಲ್ಕು ನಾಮ ಒಮ್ಮೆ ಮಲಗಿದ ಕಡೆಗೆ, ಇನ್ನೊಮ್ಮೆ ನೊರೆ ಹಚ್ಚಿ ಅಡ್ಡಕ್ಕೆ. ಮುಗಿಯಿತು. ಒಂದು ಹನಿ ರಕ್ತವಿಲ್ಲ. ಪಟಿಕದ ಹರಳು ಒಮ್ಮೆ ಸವರಿಕೊಂಡು ಸ್ನಾನಕ್ಕೆ ಎದ್ದರು.

ಆಗ ನಮ್ಮ ಅತ್ತೆಯವರಿದ್ದರು. ಅವರಿಗೆ ಸಿಟ್ಟು ಬಂತು. "ತನ್ನ ತಲಿ ತಾನ ಬೋಳಿಸಿಕೊಳ್ಳೂದು ಯಾ ಶಾಸ್ತ್ರದಾಗ ಅದ?"

"ನಾವಿಗನ ಮುಂದ ಕೂಡಬೇಕಂತ ಯಾ ಶಾಸ್ತ್ರದಾಗ ಅದ, ಅಕ್ಕಾ? ಭಟ್ಟರನ್ನ ಕೇಳಿ ಹೇಳ್ರಿ. ಅಲ್ಲೀತನಕ ನೀರು ಆರ್ತದ," ಎಂದು ಕಾಕೂ ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದರು. ಅತ್ತೆಯವರು ಭಟ್ಟರನ್ನು ಕೇಳಿದರೋ ಇಲ್ಲವೋ ಗೊತ್ತಿಲ್ಲ. ಕ್ಷೌರಿಕ ಮಾತ್ರ ಮತ್ತೆ ಬರಲಿಲ್ಲ. ಆ ಮನೆಯಲ್ಲಿ ಅವರಿಗೆ ಸಿಕ್ಕ ದೊಡ್ಡ ಸುಖ ಅದೊಂದೇ ಎಂದು ನನಗೆ ಅನಿಸುತ್ತದೆ. ಅದಕ್ಕೂ ಅವರು ವಿಠ್ಠಲನಿಗೆ ಒಂದು ದಿನ ಹೆಚ್ಚಿಗೆ ತುಪ್ಪದ ದೀಪ ಹಚ್ಚಿದರು.

ಪುಣೆಯಲ್ಲಿ ಆಗ ಕೆಲವು ಮನೆಗಳಲ್ಲಿ ವಿಧವೆಯರು ಕೂದಲು ಬಿಡುತ್ತಿದ್ದರು. ಅತ್ತೆಯವರು ತೀರಿದ ಮೇಲೆ ನಾನು ಧೈರ್ಯ ಮಾಡಿ, "ನೀವೂ ಬಿಡ್ರಲ್ಲ ಕಾಕೂ, ಯಾರು ಏನಂತಾರ?" ಅಂದೆ.

"ಕೂದಲಿಗೆ ಅಳೂದು ಅವಾಗ ಮುಗದದ. ಈಗ ಬಿಟ್ಟು ಯಾರಿಗೆ ತೋರಸ್ಲಿ? ಮಂದಿ ಕೈ ತಲಿಗೆ ಹತ್ತಬಾರದು, ಅಷ್ಟ ನನ್ನ ಆಸೆ." ಮತ್ತೆ, "ನಾ ಹೋದ ದಿನಾನೂ ಹತ್ತಗೊಡಬ್ಯಾಡ ನೋಡು. ಕೂದಲಾ ಬೆಳೆದಿದ್ರ ನಾವಿಗನ್ನ ಕರಸ್ತಾರ. ನೀ ಮಾಡು. ನಿನ್ನ ಕೈ ಹಗೂರದ," ಅಂದರು.

ಮುತ್ತೈದೆಯ ಕೈಯಿಂದ ಅಂಥ ಕೆಲಸ ಆಗಬಾರದೆನ್ನುತ್ತಾರೆ. ನಾನು ಹೂಂ ಅಂದೆ. ಅನ್ನದೆ ಇರಲು ನನಗೆ ಬಾಯಿಲ್ಲ. ಮದುವೆಯಾದ ಮೂರನೆಯ ವರ್ಷ ನನಗೆ ವಿಷಮಜ್ವರ ಬಂದು ಒಂದು ತಿಂಗಳು ಹಾಸಿಗೆ ಹಿಡಿದಿದ್ದೆ. ಕೂದಲು ಜಡೆಗಟ್ಟಿ ಮೊಳಕೆ ಬಂದ ಕಾಳಿನ ಗಂಟಿನಂತಾಗಿತ್ತು. ತೆಗೆಸಿಬಿಡುವುದೇ ಲೇಸೆಂದು ಎಲ್ಲರೂ ಅಂದರು. ಕಾಕೂ ಒಬ್ಬರೇ ಅಡ್ಡ ಬಂದರು. "ಈ ಮನ್ಯಾಗ ಬೋಳು ತಲಿ ಒಂದು ಸಾಕು," ಎಂದು ಎಣ್ಣೆ ಬಟ್ಟಲು ಇಟ್ಟುಕೊಂಡು ಕೂತು, ಮೂರು ದಿನ ಒಂದೊಂದೇ ಎಳೆ ಬಿಡಿಸಿದರು. ಇಂದು ನಾನು ಹೆರಳು ಹಾಕಿಕೊಳ್ಳುವ ಕೂದಲು ಅವರು ಉಳಿಸಿಕೊಟ್ಟದ್ದು.

ಯುದ್ಧ ಬೆಳೆದಂತೆ ಬ್ಲೇಡು ಸಿಗದಾಯಿತು. ಒಂದನ್ನೇ ತಿಂಗಳುಗಟ್ಟಲೆ ನಡೆಸಬೇಕು. ಗಾಜಿನ ಗ್ಲಾಸಿನ ಒಳಮೈಗೆ ಬ್ಲೇಡನ್ನು ಬೆರಳಿಂದ ಒತ್ತಿ ಹಿಂದೆ ಮುಂದೆ ತಿಕ್ಕಿದರೆ ನಾಲ್ಕು ದಿನ ಮಟ್ಟಿಗೆ ಅಲಗು ಬರುತ್ತಿತ್ತು. ಆ ಕೆಲಸ ನನ್ನದು. ಇವರಿಗೂ ನಾನೇ ತಿಕ್ಕಿಕೊಡುತ್ತಿದ್ದೆ, ಕಾಕೂ ಅವರಿಗೂ ನಾನೇ.

ಭಾವನವರು ಕಾಕೂ ಅವರನ್ನು ಕರೆಯಲು ಬಂದ ವಾರ ಮನೆಯಲ್ಲಿ ಒಂದೇ ಒಂದು ಹೊಸ ಬ್ಲೇಡಿತ್ತು. ಇವರ ಕಚೇರಿಗೆ ದೊಡ್ಡ ಸಾಹೇಬ ತಪಾಸಣೆಗೆ ಬರುವವನಿದ್ದ. ಹಿಂದೊಮ್ಮೆ ಅರೆಬರೆ ಗಡ್ಡ ಕಂಡು ಎಲ್ಲರೆದುರು ಇವರನ್ನು ಗದರಿದ್ದವನೇ ಅವನು. ಆ ದಿನಕ್ಕೆಂದು ಬ್ಲೇಡನ್ನು ಕಾಗದ ಸಮೇತ ಗೂಡಿನಲ್ಲಿ, ಪಂಚಾಂಗದ ಹಿಂದೆ ಇಟ್ಟಿದ್ದೆ.

ಹೊರಡುವ ಮುಂಜಾನೆ ಕಾಕೂ ಪಂಚಾಂಗ ತೆಗೆದು ತಿಥಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಒಂದು ಹೊಸಾದು ಇದ್ರ ಕೊಡು ತಂಗಿ. ಆ ಹಳ್ಳ್ಯಾಗ ಎಲ್ಲಿ ಸಿಗಬೇಕು?" ಅಂದರು.

"ಇಲ್ರಿ ಕಾಕೂ. ಮುಗದಾವ," ಅಂದೆ.

ಹಳೆಯ ಬ್ಲೇಡೊಂದನ್ನು ಗ್ಲಾಸಿನಲ್ಲಿ ತಿಕ್ಕಿ ಕೊಟ್ಟೆ. ಹೆಬ್ಬೆರಳ ಉಗುರಿಗೆ ಹಚ್ಚಿ ನೋಡಿದರು. ಉಗುರ ಮೇಲೆ ಅದು ಜಾರಿತು. ಜಾರಿದ್ದನ್ನು ಇಬ್ಬರೂ ನೋಡಿದೆವು.

"ಇರಲಿ," ಅಂದರು. "ನಾಕು ನಾಮ ಹೆಚ್ಚ ಹೇಳಿದ್ರ ಆತು."

ಪಂಚಾಂಗ ತೆಗೆದವರಿಗೆ ಅದರ ಹಿಂದಿನದು ಕಂಡಿತ್ತೋ ಏನೋ. ಕಂಡಮೇಲೇ ಕೇಳಿದರೋ ಏನೋ. ಎಷ್ಟೋ ದಿನ ದೇವರ ಮುಂದೆ ಕೂತು ನಾನು ಇದನ್ನೇ ಯೋಚಿಸಿದ್ದೇನೆ, ಹೂವು ಏರಿಸುವುದು ಮರೆತು.

ಈಗ ಬಾಗಿಲಲ್ಲಿ ಗುಮಾಸ್ತರು ಹೇಳುತ್ತಿದ್ದರು. ನಾಲ್ಕು ದಿನ ಜ್ವರವಿತ್ತಂತೆ. ನಮ್ಮ ಓರಗಿತ್ತಿ ಬಾಣಂತಿ; ಈ ಗುಮಾಸ್ತರ ಮನೆಯಾಕೆಯೇ ಗಂಜಿ ಕುಡಿಸಲು ಹೋಗುತ್ತಿದ್ದಳಂತೆ.

"ನಿನ್ನೆ ಮುಂಜಾನೆ ಎದ್ದು ಕೂತು, ಬಿಸಿನೀರು ಕೊಡ್ರಿ ಅಂದ್ರಂತ. ಬ್ಯಾಡ್ರಿ, ಜ್ವರ ಅದ ಅಂದ್ರೂ ಕೇಳಲಿಲ್ಲ. ತಮ್ಮ ತಲಿ ತಾವ ಮಾಡಿಕೊಂಡ್ರು. ಭಾಳ ಹೊತ್ತು ಹಿಡೀತಂತ್ರಿ, ಒಂದು ತಾಸಿಗೂ ಮ್ಯಾಲ. ಗಾಳ್ಯಾಗ ಹಸಿ ತಲಿಲೆ ಕೂತಾರ. ಆಮ್ಯಾಲ ಸ್ನಾನ. ಮಲಗಿದವರು ಏಳಲಿಲ್ಲ."

"ನಾವಿಗ…" ಅಂದೆ.

"ಭಟ್ಟರು ಕೇಳಿದ್ರು, ಕರಸಬೇಕೇನಂತ. ಏನೂ ಬೇಕಾಗ್ಲಿಲ್ಲ ನೋಡ್ರಿ. ತಲಿ ಸ್ವಚ್ಛ ಇತ್ತು. ಅಲ್ಲಲ್ಲೆ ಒಂದೀಟು ಗೀರಿತ್ತು, ಅಷ್ಟ. ಪಟಿಕಾ ಹಚ್ಚಿಕೊಂಡಿದ್ರು." ಗಂಟನ್ನು ಹೊಸ್ತಿಲ ಹೊರಗಿಟ್ಟರು. "ಇದು ನಿಮಗ ಮುಟ್ಟಬೇಕು ಅಂದಿದ್ರಂತ."

ಅವರು ಹೋದ ಮೇಲೆ ಗಂಟು ಬಿಚ್ಚಿದೆ. ರೇಜರು, ನಾರಿನ ಜುಟ್ಟು, ಸವೆದ ಪಟಿಕ. ಬ್ಲೇಡನ್ನು ತೊಳೆದು ಒರೆಸಿ ಕಾಗದದಲ್ಲಿ ಮಡಚಿಟ್ಟಿದ್ದರು. ಅಂಚು ಕಣ್ಣಿಗೇ ಕಾಣುವಷ್ಟು ಮೊಂಡಾಗಿತ್ತು. ಅಂದುಕೊಂಡದ್ದನ್ನು ದೇವರು ನಡೆಸಿಕೊಟ್ಟ. ಮಂದಿಯ ಕೈ ಅವರ ತಲೆಗೆ ಹತ್ತಲಿಲ್ಲ. ಇದು ಅವನ ಕೃಪೆ ಎಂದು ಇಂದಿಗೂ ಎಣಿಸುತ್ತೇನೆ. ಆದರೆ ಹೊಸ ಬ್ಲೇಡಿದ್ದರೆ ನಲವತ್ತೆಂಟು ನಾಮಕ್ಕೆ ಮುಗಿಯುವ ಕೆಲಸ. ಜ್ವರದಲ್ಲಿ ಒಂದು ತಾಸು ಅವರನ್ನು ಗಾಳಿಯಲ್ಲಿ ಕೂಡಿಸಿದ್ದು ನಾನು.

ಸಾಹೇಬನ ತಪಾಸಣೆ ಮುಂದಕ್ಕೆ ಹೋಗಿತ್ತು. ಆ ಬ್ಲೇಡು ಕಾಗದದಲ್ಲಿ ಹಾಗೇ ಇತ್ತು. ಅಂದಿನಿಂದ ಹತ್ತು ದಿನ ಸೂತಕ, ಗಂಡಸರು ಗಡ್ಡ ಮುಟ್ಟುವಂತಿಲ್ಲ. ಸಾಹೇಬ ಆ ದಿನಗಳಲ್ಲೇ ಬಂದ. ಇವರು ಬೆಳೆದ ಗಡ್ಡದಲ್ಲೇ ಎದುರು ನಿಂತರು. ಮನೆಯಲ್ಲಿ ಸಾವು ಎಂದರೆ ಅವನು ತಲೆ ಬಾಗಿಸಿ ಮುಂದೆ ಹೋದನಂತೆ. ಹನ್ನೊಂದನೆಯ ದಿನ ಇವರಿಗೆ ಎಲ್ಲ ಹೇಳಿದೆ. ಇವರು ನನ್ನನ್ನು ಬಯ್ಯಲಿಲ್ಲ. "ನನಗ ಒಂದು ಮಾತು ಕೇಳಬೇಕಾಗಿತ್ತು," ಅಂದರು, "ಗಡ್ಡ ಬಿಟ್ಟಗೊಂಡೇ ಹೋಗ್ತಿದ್ದೆ." ಬೈದಿದ್ದರೆ ಹಗುರಾಗುತ್ತಿತ್ತು. ಆ ಬ್ಲೇಡನ್ನು ಇವರೂ ಹಾಕಿಕೊಳ್ಳಲಿಲ್ಲ, ನಾನೂ ತೆಗೆದಿಲ್ಲ. ಪ್ರತಿ ವರ್ಷ ಹೊಸ ಪಂಚಾಂಗ ಅದರ ಮುಂದೆ ಬಂದು ಕೂಡುತ್ತದೆ.

ಅದೆಲ್ಲ ಆಮೇಲಿನ ಮಾತು. ಆ ದಿನ ಗಂಟನ್ನು ಬಚ್ಚಲ ಗೂಡಿನಲ್ಲಿಟ್ಟು ಬಂದೆ. ಒಲೆಯ ಮೇಲಿನ ಅನ್ನ ಇನ್ನು ಉಣ್ಣುವಂತಿರಲಿಲ್ಲ, ಇಳಿಸಿದೆ. ಇವರು ಕಚೇರಿಯಿಂದ ಬರುವಷ್ಟರಲ್ಲಿ ಎಲ್ಲರ ಸ್ನಾನಕ್ಕೆ ನೀರಾಗಬೇಕು. ಕೊಡ ಎತ್ತಿಕೊಂಡು ಹೋಗಿ ಹಂಡೆ ತುಂಬಿಸಿ, ಕೆಳಗೆ ಎರಡು ಕಟ್ಟಿಗೆ ಹೆಚ್ಚಿಗೆ ಇಟ್ಟು, ಬೆಂಕಿ ಊದುತ್ತ ಕೂತೆ.